ಸೈಟ್ ಫಾಸ್ಟ್ ಆಯ್ತು, ಅಕ್ಕಿರೊಟ್ಟಿ ಮುರೀತು

ಸಕಲೇಶಪುರದ ಹತ್ತಿರ ನಮ್ಮ ಚಿಕ್ಕಪ್ಪನ ಹೋಂಸ್ಟೇ ಇದೆ. ಅದರ ವೆಬ್‌ಸೈಟ್ ಮಾಡಿಕೊಟ್ಟಿದ್ದು ನಾನೇ. "ಗೆಸ್ಟ್‌ಗಳಿಗೆ ಓಪನ್ನೇ ಆಗಲ್ವಂತೆ ಕಣೋ" ಅಂತ ಅವರು ಫೋನ್ ಮಾಡಿದಾಗ ನಾನು ನಂಬಲಿಲ್ಲ, ಬೆಂಗಳೂರಿನ ವೈಫೈನಲ್ಲಿ ಥಟ್ಟಂತ ಬರುತ್ತಿತ್ತಲ್ಲ! ಆಮೇಲೆ ಕ್ರೋಮ್‌ನಲ್ಲೇ ಇರುವ ಡೆವ್‌ಟೂಲ್ಸ್ ಅನ್ನೋ ಪರೀಕ್ಷಾ ಸಾಧನ ತೆರೆದು, ಕ್ಯಾಶೆ (ಒಮ್ಮೆ ಇಳಿದ ಫೈಲ್‌ಗಳನ್ನು ಬ್ರೌಸರ್ ಎತ್ತಿಟ್ಟುಕೊಳ್ಳುವ ಜಾಗ) ಆಫ್ ಮಾಡಿ, ನೆಟ್‌ವರ್ಕನ್ನು 3ಜಿಗೆ ಇಳಿಸಿ ನೋಡಿದೆ. ಪರದೆ ಬೆಳ್ಳಗೇ ಇತ್ತು, ಕಾಫಿ ಆರಿಹೋಯಿತು.

ಮೊದಲು ಸಿಕ್ಕಿಬಿದ್ದದ್ದು ಫೋಟೋಗಳು. ಮೊಬೈಲ್‌ನಲ್ಲಿ ತೆಗೆದ 4000 ಪಿಕ್ಸೆಲ್ ಅಗಲದ ಚಿತ್ರಗಳನ್ನು ಹಾಗೇ ಏರಿಸಿದ್ದೆವು. 1200ಕ್ಕೆ ಇಳಿಸಿ, ಕಡಿಮೆ ಜಾಗ ಹಿಡಿಯುವ ವೆಬ್‌ಪಿ ರೂಪಕ್ಕೆ ಬದಲಿಸಿದೆ. ಅದೇ ಉತ್ಸಾಹದಲ್ಲಿ ಎಲ್ಲ ಚಿತ್ರಕ್ಕೂ ಲೇಜಿ ಲೋಡಿಂಗ್ (ಸ್ಕ್ರೋಲ್ ಮಾಡಿ ಹತ್ತಿರ ಬಂದಾಗಲೇ ಚಿತ್ರ ಇಳಿಸೋದು) ಹಾಕಿದ್ದು ತಪ್ಪಾಯಿತು. ಮೇಲಿನ ದೊಡ್ಡ ಫೋಟೋ ಇನ್ನೂ ತಡವಾಗಿ ಬಂತು. ಪರದೆಯ ಅತಿ ದೊಡ್ಡ ಭಾಗ ಕಾಣಲು ಹಿಡಿಯುವ ಸಮಯವನ್ನೇ ಎಲ್‌ಸಿಪಿ ಅನ್ನೋದು, ಗೂಗಲ್ ಪ್ರಕಾರ ಅದು 2.5 ಸೆಕೆಂಡಿನೊಳಗೆ ಇರಬೇಕು. ಮೊದಲ ಚಿತ್ರಕ್ಕೆ ಲೇಜಿ ತೆಗೆದ ಮೇಲೆ ಸರಿಹೋಯಿತು.

ನಿಜವಾದ ಪಾಡು ಕನ್ನಡ ಫಾಂಟಿನದು. ಮೂರು ದಪ್ಪದ ಮೂರು ಫೈಲ್ ಇಟ್ಟಿದ್ದೆ, ಸುಮ್ನೆ. ಒಂದೇ ಉಳಿಸಿಕೊಂಡು, ವೆಬ್‌ಗೆಂದೇ ಕುಗ್ಗಿಸಿದ ವಾಫ್2 ಫಾಂಟ್ ಫೈಲ್ ಮಾಡಿದೆ. ಇನ್ನೂ ಚಿಕ್ಕದಾಗಲಿ ಅಂತ ಯಾವುದೋ ಆನ್‌ಲೈನ್ ಟೂಲ್‌ಗೆ ಕೊಟ್ಟು, ಯೂನಿಕೋಡ್‌ನಲ್ಲಿ (ಕಂಪ್ಯೂಟರ್‌ಗಳಲ್ಲಿ ಪ್ರತಿ ಅಕ್ಷರಕ್ಕೂ ಒಂದು ನಂಬರ್ ಕೊಡುವ ಪಟ್ಟಿ) ಕನ್ನಡಕ್ಕಿರುವ 128 ಜಾಗದ ಅಕ್ಷರಗಳನ್ನು ಬಿಟ್ಟು ಉಳಿದದ್ದೆಲ್ಲ ಕತ್ತರಿಸಿದೆ. ಸೈಟಿನ ವೇಗ ಅಳೆಯುವ ಗೂಗಲ್‌ನ ಪೇಜ್‌ಸ್ಪೀಡ್‌ನಲ್ಲಿ ಸ್ಕೋರ್ ಹಸಿರಾಯಿತು, ನಾನು ಹಿಗ್ಗಿದೆ. ಸಂಜೆ ಚಿಕ್ಕಪ್ಪನ ಫೋನ್: "ಊಟದ ಪಟ್ಟಿಯಲ್ಲಿ 'ಅಕ್‌ಕಿರೊಟ್‌ಟಿ' ಅಂತಿದೆಯಲ್ಲೋ!"

ಆಗಿದ್ದೇನಂದ್ರೆ, ಒತ್ತಕ್ಷರಗಳಿಗೆ ಯೂನಿಕೋಡ್‌ನಲ್ಲಿ ಸ್ವಂತ ನಂಬರ್ ಇಲ್ಲ. ಕ, ಹಲಂತ, ಕ ಈ ಮೂರು ಸೇರಿದರೆ ಯಾವ ಆಕಾರ ಬರಬೇಕು ಅನ್ನೋ ನಿಯಮ ಫಾಂಟಿನೊಳಗೆ ಜಿಸಬ್ ಅನ್ನೋ ಪಟ್ಟಿಯಲ್ಲಿ ಇರುತ್ತದೆ. ಟೂಲ್ ಅದನ್ನೂ ಎಸೆದಿತ್ತು. ಇಂಗ್ಲಿಷ್ ಸೈಟ್‌ಗಳಿಗೆ ಬರೆದ ಸಲಹೆ ಓದಿಕೊಂಡು ಕನ್ನಡ ಫಾಂಟ್ ಕತ್ತರಿಸಿದರೆ ಹೀಗೇ ಆಗೋದು. ಹಾಗಾಗಿ ಪೈಥಾನ್ ಭಾಷೆಯ ಫಾಂಟ್‌ಟೂಲ್ಸ್ ಅನ್ನೋ ಸಾಧನದಲ್ಲಿ ಫಾಂಟ್ ಕತ್ತರಿಸಲು ಇರುವ ಸಬ್‌ಸೆಟ್ ಕಮಾಂಡ್ ಬಳಸಿದೆ, ಅದು ಈ ನಿಯಮಗಳನ್ನೂ ಒತ್ತುಗಳನ್ನೂ ತಾನಾಗೇ ಉಳಿಸಿಕೊಳ್ಳುತ್ತದೆ. ಝಡ್‌ಡಬ್ಲ್ಯುಎನ್‌ಜೆ, ಝಡ್‌ಡಬ್ಲ್ಯುಜೆ (ಅಕ್ಷರಗಳು ಕೂಡಬೇಕೋ ಬೇಡವೋ ಅಂತ ಹೇಳುವ, ಕಣ್ಣಿಗೆ ಕಾಣದ ಗುರುತುಗಳು), ರೂಪಾಯಿ ಚಿಹ್ನೆ ಈ 128ರ ಹೊರಗಿವೆ, ಅವನ್ನೂ ಸೇರಿಸಿದೆ. ಜೊತೆಗೆ ಸೈಟಿನ ಸಿಎಸ್ಎಸ್‌ನಲ್ಲಿ (ಪುಟದ ನೋಟ ಹೇಗಿರಬೇಕು ಅಂತ ಬರೆಯುವ ಫೈಲ್) ಫಾಂಟ್-ಡಿಸ್‌ಪ್ಲೇ ಅನ್ನೋ ಸೆಟ್ಟಿಂಗ್‌ಗೆ ಸ್ವಾಪ್ ಅಂತ ಕೊಟ್ಟೆ, ಫಾಂಟ್ ಬರುವ ತನಕ ಫೋನಿನ ಸ್ವಂತ ಕನ್ನಡ ಅಕ್ಷರದಲ್ಲಿ ಓದಬಹುದು.

ಬೇರೆ ಸೈಟ್ ನೋಡಿದಾಗ ಇಳಿದ ಗೂಗಲ್ ಫಾಂಟ್ ನಮ್ಮ ಸೈಟಿಗೂ ಸಿಗುತ್ತೆ ಅಂತ ಈಗಲೂ ಕೆಲವರು ಹೇಳ್ತಾರೆ. ಅದು ಹಳೇ ಮಾತು. 2020ರಿಂದ ಕ್ರೋಮ್ ಒಂದೊಂದು ಸೈಟಿಗೂ ಬೇರೆ ಬೇರೆ ಕ್ಯಾಶೆ ಇಡುತ್ತದೆ. ನಾನು ಫಾಂಟನ್ನು ನಮ್ಮ ಸರ್ವರ್‌ನಲ್ಲೇ ಇಟ್ಟೆ.

ಉಳಿದದ್ದು ಮ್ಯಾಪ್. ಅದೂ ಜಾಸ್ತಿ ಭಾರ, ಆದರೆ ಚಿಕ್ಕಪ್ಪ ತೆಗೆಯಲು ಬಿಡಲಿಲ್ಲ. ಈಗ ಅಲ್ಲಿ "ದಾರಿ ನೋಡಿ" ಅಂತ ಒಂದು ಬಟನ್ ಇದೆ, ಒತ್ತಿದರೆ ಮಾತ್ರ ಮ್ಯಾಪ್ ಬರುತ್ತದೆ.