ಕಾರಿನೊಳಗೆ ಮಳೆನೀರು: ಸೋರಿಕೆಯ ಜಾಡು ಹಿಡಿದ ನನ್ನ ಅನುಭವ

ಕಾರಿನೊಳಗೆ ಮಳೆನೀರು ಬರುತ್ತಿದೆ ಎಂದು ತಿಳಿದ ಕೂಡಲೇ ಸೀಲೆಂಟಿನ ಟ್ಯೂಬು ಹಿಡಿದು ಕಣ್ಣಿಗೆ ಬಿದ್ದ ಸಂದುಗಳನ್ನೆಲ್ಲ ಮೆತ್ತಲು ಹೊರಡುವವರೇ ಹೆಚ್ಚು. ನನ್ನ ಕಾರಿನ ಸೋರಿಕೆಯನ್ನು ನಾನೇ ಸರಿಪಡಿಸಲು ಕುಳಿತಾಗ ಒಂದು ನಿಯಮವನ್ನು ಮಾತ್ರ ಕಟ್ಟುನಿಟ್ಟಾಗಿ ಪಾಲಿಸಿದೆ: ನೀರು ಒಳಬರುವುದನ್ನು ಕಣ್ಣಾರೆ ಕಾಣುವ ತನಕ ಯಾವ ಸಂದನ್ನೂ ಮುಚ್ಚಬಾರದು. ಹಂಚಿನ ಮಾಡು ಸೋರುವಾಗ ಹನಿ ಬೀಳುವ ಜಾಗದ ನೇರ ಮೇಲೆಯೇ ಹಂಚು ಒಡೆದಿರಬೇಕೆಂದೇನೂ ಇಲ್ಲ; ನೀರು ರೀಪಿನ ಗುಂಟ ಹರಿದು ಬಂದು ಇನ್ನೆಲ್ಲೋ ತೊಟ್ಟಿಕ್ಕುತ್ತದೆ. ಕಾರಿನಲ್ಲಿಯೂ ಅದು ವೈರುಗಳ ಕಟ್ಟಿನ ಮೇಲೆ, ಛಾವಣಿಯ ಒಳಹೊದಿಕೆಯ ಹಿಂದೆ, ತಗಡಿನ ಮಡಿಕೆಗಳಲ್ಲಿ ಸಾಗಿ ಬಹಳ ದೂರದಲ್ಲಿ ಕಾಣಿಸಿಕೊಳ್ಳುತ್ತದೆ. ನನ್ನ ಕಾರಿನಲ್ಲಿ ನೀರು ನಿಲ್ಲುತ್ತಿದ್ದದ್ದು ಎಡಗಡೆಯ ಹಿಂದಿನ ಸೀಟಿನ ಕಾಲಡಿಯಲ್ಲಿ ಮತ್ತು ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿಯಲ್ಲಿ. ಇವೆರಡೂ ಒಂದೇ ಸೋರಿಕೆಯ ಫಲವೋ ಅಥವಾ ಎರಡು ಬೇರೆ ಬೇರೆ ಸೋರಿಕೆಗಳೋ ಎಂಬುದನ್ನು ಮೊದಲು ಬಿಡಿಸಿಕೊಳ್ಳಬೇಕಾಗಿತ್ತು.

ಅದಕ್ಕೂ ಮುಂಚೆ, ಇದು ಮಳೆನೀರೇ ಹೌದೇ ಎಂಬುದನ್ನು ಖಚಿತಪಡಿಸಿಕೊಂಡೆ. ಎ.ಸಿ. ನಡೆಯುವಾಗ ಅದರ ತಂಪು ಸುರುಳಿಯ ಮೇಲೆ ಗಾಳಿಯ ತೇವ ಹನಿಗಟ್ಟಿ, ಸಣ್ಣ ಕೊಳವೆಯೊಂದರ ಮೂಲಕ ಕಾರಿನಡಿಗೆ ಬೀಳುತ್ತದೆ. ಆ ಕೊಳವೆ ಕಟ್ಟಿಕೊಂಡರೆ ಅದೇ ನೀರು ಡ್ಯಾಶ್‌ಬೋರ್ಡಿನ ತಳದಿಂದ ಮುಂದಿನ ಕಾಲಡಿಗೆ ಇಳಿಯುತ್ತದೆ. ಹೀಟರಿನ ಪುಟ್ಟ ರೇಡಿಯೇಟರ್ ಸೋರಿದರೆ ಬರುವುದು ಎಂಜಿನ್ನನ್ನು ತಣಿಸುವ ದ್ರವ, ಅಂದರೆ ಕೂಲೆಂಟ್. ಅದಕ್ಕೆ ಸಿಹಿಯಾದ ವಾಸನೆಯಿರುತ್ತದೆ, ಬೆರಳಿಗೆ ಜಿಡ್ಡು ಹತ್ತುತ್ತದೆ, ಮುಂದಿನ ಗಾಜಿನ ಒಳಮೈಯಲ್ಲಿ ಒರೆಸಿದರೂ ಮತ್ತೆ ಮತ್ತೆ ಎಣ್ಣೆಯ ಪೊರೆ ಕೂರುತ್ತದೆ. ಅದು ವಿಷಕಾರಿಯಾದ್ದರಿಂದ ರುಚಿ ನೋಡಿ ಪರೀಕ್ಷಿಸುವ ಪ್ರಶ್ನೆಯೇ ಇಲ್ಲ. ನನ್ನ ಕಾರಿನಲ್ಲಿ ಒದ್ದೆ ಹೆಚ್ಚುತ್ತಿದ್ದದ್ದು ರಾತ್ರಿಯಿಡೀ ಮಳೆಯಲ್ಲಿ ನಿಂತಾಗ, ಎ.ಸಿ. ಹಾಕಿಕೊಂಡು ದೂರ ಓಡಿಸಿದ ಒಣ ದಿನಗಳಲ್ಲಿ ಅದು ಹೆಚ್ಚುತ್ತಿರಲಿಲ್ಲ, ಕೂಲೆಂಟಿನ ಮಟ್ಟವೂ ಇಳಿದಿರಲಿಲ್ಲ.

ಮುಂದಿನ ಕೆಲಸ ಕಾರ್ಪೆಟ್ ಎತ್ತುವುದು. ಇದನ್ನು ತಪ್ಪಿಸಿಕೊಂಡು ಸೋರಿಕೆ ಹುಡುಕಲು ಸಾಧ್ಯವೇ ಇಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಾರ್ಪೆಟ್ಟಿನ ಅಡಿಯಲ್ಲಿ ಶಬ್ದ ತಡೆಯಲು ಅಂಟಿಸಿರುವ ದಪ್ಪ ಫೋಮ್ ನೀರನ್ನು ಹೀರಿಟ್ಟುಕೊಳ್ಳುತ್ತದೆ, ಮೇಲ್ಮೈ ಮುಟ್ಟಿದರೆ ಒಣಗಿದಂತೆ ತೋರುವಾಗಲೂ ಒಳಗೆ ಹಿಂಡುವಷ್ಟು ನೀರಿರುತ್ತದೆ. ಅನೇಕ ಕಾರುಗಳಲ್ಲಿ ವೈರಿಂಗಿನ ಜೋಡಣೆಗಳೂ ನಿಯಂತ್ರಣ ಘಟಕಗಳೂ ಇದೇ ಕಾರ್ಪೆಟ್ಟಿನ ಕೆಳಗೆ ಅಥವಾ ಸೀಟಿನಡಿಯಲ್ಲಿರುವುದರಿಂದ, ಸಣ್ಣ ಸೋರಿಕೆಯೆಂದು ಬಿಟ್ಟದ್ದು ಕೊನೆಗೆ ವಿದ್ಯುತ್ ದೋಷವಾಗಿ ಕಾಡುತ್ತದೆ. ಸೀಟು ಬಿಚ್ಚುವ ಮೊದಲು ಬ್ಯಾಟರಿಯ ಋಣ ತುದಿಯನ್ನು ಕಳಚಿ, ತಯಾರಕರ ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾದೆ. ಸೀಟಿನಡಿಯ ಹಳದಿ ಬಣ್ಣದ ಕನೆಕ್ಟರುಗಳು ಸಾಮಾನ್ಯವಾಗಿ ಏರ್‌ಬ್ಯಾಗ್ ವ್ಯವಸ್ಥೆಗೆ ಸೇರಿದವು. ಬ್ಯಾಟರಿ ಜೋಡಿಸಿರುವಾಗ ಅವನ್ನು ಎಳೆಯಬಾರದು.

ಕಾರ್ಪೆಟ್ ಎತ್ತಿ ತಗಡನ್ನು ಒರೆಸಿ ಪೂರ್ತಿ ಒಣಗಿಸಿದಾಗ ಮೊದಲ ಸುಳಿವು ಸಿಕ್ಕಿತು. ಹಿಂದಿನ ಕಾಲಡಿಯಲ್ಲಿ ನಿಂತ ನೀರಿನ ಕಂದು ಗುರುತು, ಮುಂದಿನ ಬಾಗಿಲಿನ ಹೊಸ್ತಿಲ ಪಟ್ಟಿಯ ಪಕ್ಕದಿಂದ ಸಣ್ಣ ಕಾಲುವೆಯಾಗಿ ಹಿಂದಕ್ಕೆ ಹರಿದಿತ್ತು. ನಾನು ಕಾರು ನಿಲ್ಲಿಸುವ ಜಾಗದಲ್ಲಿ ಮುಂಭಾಗ ತುಸು ಎತ್ತರಕ್ಕಿರುತ್ತದೆ. ಹಾಗಾಗಿ ಮುಂದೆ ಇಳಿದ ನೀರು ಸೀಟಿನಡಿಯಿಂದ ಹಿಂದಕ್ಕೆ ಸಾಗಿ ತಗ್ಗಿನಲ್ಲಿ ನಿಲ್ಲುತ್ತಿತ್ತು. ಡಿಕ್ಕಿಯ ಕಡೆಗೆ ಈ ಗುರುತು ಹೋಗಿರಲಿಲ್ಲ. ಅಲ್ಲಿಗೆ ಎರಡೂ ಬೇರೆ ಬೇರೆ ಸೋರಿಕೆಗಳೆಂಬುದು ಹೆಚ್ಚುಕಡಿಮೆ ತೀರ್ಮಾನವಾಯಿತು.

ಕಾರು ನೀರನ್ನು ಹೇಗೆ ನಿಭಾಯಿಸುತ್ತದೆ ಎಂಬುದನ್ನು ಅರಿಯದೆ ಪರೀಕ್ಷೆಗೆ ಇಳಿದರೆ ಸಹಜವಾದ ನೀರನ್ನೂ ಸೋರಿಕೆಯೆಂದು ಭ್ರಮಿಸುವ ಅಪಾಯವಿದೆ. ಬಾಗಿಲಿನ ಗಾಜಿನ ಹೊರಬದಿಯ ರಬ್ಬರು ಪಟ್ಟಿ ಎಷ್ಟೇ ಹೊಸದಾಗಿದ್ದರೂ ಸ್ವಲ್ಪ ನೀರು ಬಾಗಿಲಿನ ಟೊಳ್ಳಿನೊಳಗೆ ಇಳಿದೇ ಇಳಿಯುತ್ತದೆ, ಮತ್ತು ಬಾಗಿಲಿನ ಕೆಳ ಅಂಚಿನ ತೂತುಗಳಿಂದ ಹೊರಹೋಗುತ್ತದೆ. ಸನ್‌ರೂಫ್ ಇರುವ ಕಾರುಗಳಲ್ಲಿ ಅದರ ಗಾಜಿನ ಸುತ್ತಲಿನ ರಬ್ಬರು ನೀರನ್ನು ಸಂಪೂರ್ಣ ತಡೆಯುವಂತೆ ರೂಪಿಸಿದ್ದಲ್ಲ. ದಾಟಿ ಬಂದ ನೀರನ್ನು ಕೆಳಗಿನ ತಟ್ಟೆ ಹಿಡಿದು, ಮೂಲೆಗಳಿಂದ ಹೊರಟು ಛಾವಣಿಯನ್ನು ಹೊತ್ತ ಕಂಬಗಳೊಳಗೆ ಇಳಿಯುವ ಕೊಳವೆಗಳಿಗೆ ಕಳಿಸುತ್ತದೆ. ವೈಪರುಗಳ ಕೆಳಗಿನ ತೊಟ್ಟಿಯೂ ಗಾಜಿನ ಮೇಲಿನ ನೀರನ್ನೆಲ್ಲ ಕೂಡಿಸಿಕೊಂಡು ಎರಡು ಬದಿಗಳಿಗೆ ಸಾಗಿಸುತ್ತದೆ. ಅಂದರೆ ಕಾರಿನ ಮೈಯೊಳಗೆ ನೀರಿನ ದಾರಿಗಳು ಬೇಕೆಂದೇ ಇಟ್ಟಂಥವು. ಆ ದಾರಿಯ ಕೊನೆ ಕಟ್ಟಿಕೊಂಡಾಗ ಅಥವಾ ದಾರಿಗೂ ಕ್ಯಾಬಿನ್ನಿಗೂ ನಡುವಿನ ತಡೆ ಬಿಟ್ಟುಕೊಂಡಾಗ ಕಾಲಡಿ ಒದ್ದೆಯಾಗುತ್ತದೆ.

ಆದ್ದರಿಂದ ಮೊದಲು ಸುಲಭವಾದ ದಾರಿಗಳನ್ನು ನೋಡಿದೆ. ಬಾನೆಟ್ ಎತ್ತಿ, ವೈಪರಿನ ಕೆಳಗಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು, ಕೊಳೆತ ಎಲೆ ಮತ್ತು ಕೆಸರನ್ನು ಕೈಯಿಂದ ಬಾಚಿ ತೆಗೆದೆ. ಅಲ್ಲಿ ನೀರು ಏರಿದರೆ, ಒಳಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರಿನ ಗೂಡಿನ ಮೂಲಕ ನೇರವಾಗಿ ಒಳಕ್ಕೆ ಇಳಿಯುತ್ತದೆ. ನನ್ನ ಫಿಲ್ಟರು ಒಣಗಿತ್ತು. ಸನ್‌ರೂಫಿನ ತಟ್ಟೆಯ ಒಂದೊಂದು ಮೂಲೆಗೂ ಲೋಟದಿಂದ ನಿಧಾನವಾಗಿ ನೀರು ಸುರಿದು, ಕಾರಿನಡಿಯಲ್ಲಿ ಅದು ಇಳಿಯುವುದನ್ನು ನೋಡಿದೆ. ಒಂದು ಮೂಲೆ ಮಾತ್ರ ಮಂದವಾಗಿತ್ತು. ಅದರ ತುದಿಯ ರಬ್ಬರು ಬಾಯಿಯನ್ನು ಹಿಸುಕಿ ಧೂಳಿನ ಗಟ್ಟಿಯನ್ನು ಬಿಡಿಸಿ, ಮೃದುವಾದ ನೈಲಾನ್ ದಾರವನ್ನು ಒಳಗೆ ತೂರಿಸಿ ಸ್ವಚ್ಛಗೊಳಿಸಿದೆ. ಕಂಪ್ರೆಸರಿನ ಗಾಳಿಯನ್ನು ಜೋರಾಗಿ ಬಿಟ್ಟರೆ ಕೊಳವೆ ತಟ್ಟೆಯ ಬುಡದಲ್ಲಿ ಕಳಚಿಕೊಂಡು, ಇಲ್ಲದ ಸೋರಿಕೆ ಹುಟ್ಟುತ್ತದೆ. ಈ ಕೆಲಸಕ್ಕೆ ಗಾಳಿಯನ್ನು ಬಳಸಬೇಡಿ ಎಂದೇ ನಾನು ಎಲ್ಲರಿಗೂ ಹೇಳುತ್ತೇನೆ.

ಬಳಿಕ ಪೈಪಿನ ಪರೀಕ್ಷೆ. ಮನೆಯವರೊಬ್ಬರು ಹೊರಗೆ ನೀರು ಹಿಡಿದರು, ನಾನು ಟಾರ್ಚ್ ಹಿಡಿದು ಒಳಗೆ ಕುಳಿತೆ. ಇಲ್ಲಿ ಮುಖ್ಯವಾದ ಸಂಗತಿಯೆಂದರೆ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮೊದಲಿಗೇ ಛಾವಣಿಯ ಮೇಲೆ ನೀರು ಬಿಟ್ಟರೆ ಅದು ಗಾಜು, ಬಾಗಿಲು, ಕಂಬ ಎಲ್ಲವನ್ನೂ ತೋಯಿಸುತ್ತಾ ಇಳಿಯುವುದರಿಂದ, ಯಾವುದು ಸೋರಿತೆಂದು ಹೇಳುವುದು ಅಸಾಧ್ಯವಾಗುತ್ತದೆ. ನೀರು ಪೈಪಿನಿಂದ ಸುಮ್ಮನೆ ಹರಿಯುತ್ತಿರಬೇಕು. ವಾಟರ್ ಸರ್ವಿಸಿನ ಒತ್ತಡದ ಗನ್ ಹಿಡಿದರೆ ಮಳೆ ಎಂದೂ ನುಗ್ಗದ ಸಂದಿನಲ್ಲಿಯೂ ನೀರು ನುಗ್ಗುತ್ತದೆ. ಒಂದು ಭಾಗಕ್ಕೆ ಹಲವು ನಿಮಿಷ ನೀರು ಹಿಡಿದು, ಒಳಗೆ ಏನೂ ಕಾಣದಿದ್ದರೆ ಮಾತ್ರ ಮುಂದಿನ ಭಾಗಕ್ಕೆ ಹೋದೆವು. ಒಳಗಿನ ತಗಡಿನ ಮೇಲೆ ಟಾಲ್ಕಂ ಪೌಡರ್ ತೆಳ್ಳಗೆ ಉದುರಿಸಿದ್ದೆ, ಏಕೆಂದರೆ ಬಣ್ಣ ಬಳಿದ ತಗಡಿನ ಮೇಲೆ ಕಾಣದ ಒಂದೇ ಒಂದು ಹನಿಯೂ ಪೌಡರಿನ ಮೇಲೆ ಗೆರೆ ಎಳೆಯುತ್ತದೆ.

ಹೊಸ್ತಿಲಿಗೆ ಹಿಡಿದಾಗ ಏನೂ ಬರಲಿಲ್ಲ. ಬಾಗಿಲಿನ ಅಂಚಿನ ರಬ್ಬರು ಬೀಡಿಂಗಿನ ಸುತ್ತ ಹಿಡಿದಾಗಲೂ ಇಲ್ಲ. ಮುಂದಿನ ಎಡ ಬಾಗಿಲಿನ ಗಾಜಿನ ಮೇಲೆ ನೀರು ಬಿಟ್ಟ ಸ್ವಲ್ಪ ಹೊತ್ತಿಗೆ, ಡೋರ್ ಪ್ಯಾಡಿನ (ಬಾಗಿಲಿನ ಒಳಹೊದಿಕೆಯ) ಕೆಳ ಅಂಚಿನಿಂದ ಹೊಸ್ತಿಲ ಒಳಮೈಗೆ ಸಣ್ಣ ಧಾರೆ ಇಳಿದು ಪೌಡರಿನಲ್ಲಿ ಸ್ಪಷ್ಟವಾದ ದಾರಿ ಮೂಡಿತು. ಪ್ಯಾಡಿನ ಕಾಣುವ ಮೈ ಒಂದಿಷ್ಟೂ ಒದ್ದೆಯಾಗಿರಲಿಲ್ಲ. ಪ್ಯಾಡ್ ಬಿಚ್ಚಿ ನೋಡಿದರೆ, ಬಾಗಿಲಿನ ಟೊಳ್ಳನ್ನು ಕ್ಯಾಬಿನ್ನಿನಿಂದ ಬೇರ್ಪಡಿಸುವ ಹಾಳೆ ಕೆಳಭಾಗದಲ್ಲಿ ಅಂಗೈ ತೂರುವಷ್ಟು ಬಿಟ್ಟುಕೊಂಡಿತ್ತು. ಗಾಜು ಏರಿಸುವ ಮೋಟರನ್ನು ಹಿಂದೊಮ್ಮೆ ಬದಲಿಸಿದಾಗ ಆ ಹಾಳೆಯನ್ನು ಎಬ್ಬಿಸಿ, ಧೂಳು ಹಿಡಿದ ಹಳೆಯ ಅಂಟಿನ ಮೇಲೆಯೇ ಮತ್ತೆ ಒತ್ತಿದ್ದರು. ಸ್ಪೀಕರ್ ಅಥವಾ ಲಾಕ್ ಕೆಲಸಕ್ಕಾಗಿ ಬಾಗಿಲು ಬಿಚ್ಚಿಸಿದ ಕಾರುಗಳಲ್ಲಿ ಸೋರಿಕೆ ಕಂಡರೆ ನಾನು ಮೊದಲು ಅನುಮಾನಿಸುವುದು ಈ ಹಾಳೆಯನ್ನೇ.

ಇದನ್ನು ಸರಿಪಡಿಸಲು ಬೇಕಾದದ್ದು ಬ್ಯುಟೈಲ್ ಅಂಟಿನ ಹಗ್ಗದಂಥ ಪಟ್ಟಿ ಮತ್ತು ತಾಳ್ಮೆ. ಹಳೆಯ ಅಂಟನ್ನು ಕೆರೆದರೆ ಅದು ಬಣ್ಣದ ಮೇಲೆಲ್ಲ ಹರಡುತ್ತದೆ. ಅದೇ ಅಂಟಿನ ಉಂಡೆಯೊಂದನ್ನು ಮಾಡಿಕೊಂಡು ಒತ್ತಿ ಒತ್ತಿ ಎತ್ತಿದರೆ ಉಳಿದದ್ದೆಲ್ಲ ಉಂಡೆಗೆ ಹತ್ತಿಕೊಂಡು ಬರುತ್ತದೆ. ತಗಡು ಮತ್ತು ಹಾಳೆ ಎರಡನ್ನೂ ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಹೊಸ ಪಟ್ಟಿಯನ್ನು ಎಲ್ಲಿಯೂ ತುಂಡಾಗದಂತೆ ಸುತ್ತಲೂ ಇಟ್ಟೆ, ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡುತ್ತಾ ಸಣ್ಣ ರೋಲರಿನಿಂದ ಒತ್ತಿದೆ. ಹಿಡಿಕೆಯ ಕೇಬಲ್ ಮತ್ತು ವೈರುಗಳು ಹಾಳೆಯನ್ನು ದಾಟುವ ಕಡೆಗಳಲ್ಲಿ ಅಂಟನ್ನು ಬೆರಳಿನಿಂದ ಸುತ್ತಲೂ ತುಂಬಿದೆ. ಅತ್ಯಂತ ಎಚ್ಚರ ಬೇಕಾದದ್ದು ಕೆಳ ಅಂಚಿನಲ್ಲಿ, ಏಕೆಂದರೆ ಹಾಳೆಯ ಮೇಲೆ ಇಳಿದ ನೀರೆಲ್ಲ ಅಲ್ಲಿಗೇ ಬರುತ್ತದೆ. ಕೆಲವು ಕಾರುಗಳಲ್ಲಿ ಬದಿಯಿಂದ ಆಗುವ ಅಪಘಾತವನ್ನು ಗುರುತಿಸುವ ಸೆನ್ಸರ್ ಬಾಗಿಲಿನ ಟೊಳ್ಳಿನ ಗಾಳಿಯ ಒತ್ತಡವನ್ನು ಅಳೆಯುವುದರಿಂದ, ಅಲ್ಲಿ ಈ ಹಾಳೆ ಸರಿಯಾಗಿ ಕೂರುವುದು ಸುರಕ್ಷತೆಯ ವಿಷಯವೂ ಹೌದು. ಪ್ಯಾಡ್ ಕೂರಿಸುವ ಮೊದಲೇ ಕೆಳ ಅಂಚಿನುದ್ದಕ್ಕೂ ಟಿಶ್ಯೂ ಕಾಗದ ಅಂಟಿಸಿ, ಗಾಜಿನ ಮೇಲೆ ಮತ್ತೆ ಧಾರಾಳವಾಗಿ ನೀರು ಬಿಟ್ಟೆವು. ಬಾಗಿಲಿನ ತಳದ ತೂತುಗಳಿಂದ ನೀರು ಹೊರಬಿತ್ತು, ಕಾಗದ ಒಣಗಿಯೇ ಉಳಿಯಿತು.

ಡಿಕ್ಕಿಯದು ಬೇರೆ ರೀತಿಯ ಹುಡುಕಾಟ. ಸ್ಟೆಪ್ನಿ ಗುಂಡಿಗೆ ಟೇಲ್ ಲ್ಯಾಂಪುಗಳು, ಡಿಕ್ಕಿಯ ಬೀಡಿಂಗ್, ತಗಡಿನ ಬೆಸುಗೆಯ ಸಂದುಗಳು, ಛಾವಣಿಯ ಆಂಟೆನಾದ ಬುಡ, ಬಂಪರಿನ ಹಿಂದೆ ಅಡಗಿರುವ ಗಾಳಿ ಹೊರಹಾಕುವ ಕಿಂಡಿಗಳು ಹೀಗೆ ಎಷ್ಟೋ ಕಡೆಗಳಿಂದ ನೀರು ಬರಬಹುದು. ಒಳಹೊದಿಕೆಗಳನ್ನು ತೆಗೆದು, ಹಿಂದಿನ ಸೀಟಿನ ಬೆನ್ನನ್ನು ಮಡಚಿ, ಕ್ಯಾಬಿನ್ನಿನ ಕಡೆಯಿಂದಲೇ ಟಾರ್ಚ್ ಬಿಟ್ಟು ನೋಡಿದೆ. ಮುಚ್ಚಿದ ಡಿಕ್ಕಿಯೊಳಗೆ ಯಾರನ್ನೂ ಕೂರಿಸಬಾರದು. ಬೀಡಿಂಗಿನ ಬಿಗಿಯನ್ನು ತಿಳಿಯಲು ಅಲ್ಲಲ್ಲಿ ಕಾಗದದ ಪಟ್ಟಿ ಇಟ್ಟು ಡಿಕ್ಕಿ ಮುಚ್ಚಿ ಎಳೆದೆ. ಎಲ್ಲ ಕಡೆಯೂ ಕಾಗದ ಬಿಗಿಯಾಗಿಯೇ ಬಂದದ್ದರಿಂದ ಬೀಡಿಂಗಿನ ಮೇಲಿನ ಅನುಮಾನ ಹೋಯಿತು. ನೀರು ಬಲಗಡೆಯ ಟೇಲ್ ಲ್ಯಾಂಪಿನ ಮಟ್ಟಕ್ಕೆ ಏರಿದಾಗ ಅದರ ಕೆಳಗಿನ ಬೋಲ್ಟಿನ ಸುತ್ತ ಹನಿ ಕಟ್ಟಿತು. ಲ್ಯಾಂಪ್ ಬಿಚ್ಚಿದಾಗ ಅದರ ಹಿಂದೆ ನೀರು ತಡೆಯುವ ಫೋಮ್ ಗ್ಯಾಸ್ಕೆಟ್ ಚಪ್ಪಟೆಯಾಗಿ ಗಟ್ಟಿಯಾಗಿತ್ತು. ಹೊಸ ಗ್ಯಾಸ್ಕೆಟ್ ಹಾಕಿ, ಬೋಲ್ಟಿನ ಬುಡಕ್ಕೆ ಬ್ಯುಟೈಲ್ ಸುತ್ತಿ, ನಟ್ಟುಗಳನ್ನು ಹದವಾಗಿ ಮಾತ್ರ ಬಿಗಿದೆ. ಅತಿಯಾಗಿ ಬಿಗಿದರೆ ಲ್ಯಾಂಪಿನ ಪ್ಲಾಸ್ಟಿಕ್ ಸೀಳುತ್ತದೆ. ಸ್ಟೆಪ್ನಿ ಗುಂಡಿಯ ತಳದ ರಬ್ಬರು ಬಿರಡೆಯನ್ನು ತೆಗೆದಿಟ್ಟರೆ ನೀರು ತಾನೇ ಹೋಗುತ್ತದೆ ಎಂದು ಕೆಲವರು ಸಲಹೆ ಕೊಡುತ್ತಾರೆ. ಅದರಿಂದ ಚಕ್ರ ಎರಚುವ ಕೆಸರು ನೀರಿಗೆ ಹೊಸ ಬಾಗಿಲು ತೆರೆದಂತಾಗುತ್ತದೆಯೇ ಹೊರತು ಸೋರಿಕೆ ನಿಲ್ಲುವುದಿಲ್ಲ.

ಮುಂದಿನ ಗಾಜಿನ ಅಂಚಿಗೂ ಪೈಪು ಹಿಡಿದು ನೋಡಿದೆ, ಅದು ಸೋರಲಿಲ್ಲ. ಸೋರಿದ್ದರೆ ಆ ಭಾಗವನ್ನು ನಾನೇ ಮುಟ್ಟುತ್ತಿರಲಿಲ್ಲ. ಗಾಜನ್ನು ಹಿಡಿದಿರುವ ಪಾಲಿಯುರೆಥೇನ್ ಅಂಟು ಕಾರಿನ ಛಾವಣಿಯ ಬಲಕ್ಕೂ ಪಕ್ಕದ ಪ್ರಯಾಣಿಕರ ಏರ್‌ಬ್ಯಾಗಿಗೂ ಆಸರೆಯಾಗಿದ್ದು, ಅದು ಬಿಟ್ಟಿದ್ದರೆ ಗಾಜು ತೆಗೆದು, ಅಡಿಯ ತುಕ್ಕನ್ನು ಸ್ವಚ್ಛಗೊಳಿಸಿ, ಪ್ರೈಮರ್ ಹಚ್ಚಿ ಮತ್ತೆ ಕೂರಿಸುವುದೇ ಸರಿಯಾದ ವಿಧಾನ, ಮತ್ತು ಅದು ನುರಿತವರ ಕೆಲಸ. ತಗಡಿನ ಸಂದುಗಳಿಗಾಗಲಿ ಗಾಜಿನ ಅಂಚಿಗಾಗಲಿ ಸ್ನಾನದ ಮನೆಯಲ್ಲಿ ಬಳಸುವ ಸಿಲಿಕೋನನ್ನು ಮಾತ್ರ ಹಚ್ಚಬೇಡಿ. ವಿನೆಗರಿನ ವಾಸನೆ ಬರುವ ಬಗೆಯದು ಗಟ್ಟಿಯಾಗುವಾಗ ಅಸಿಟಿಕ್ ಆಮ್ಲವನ್ನು ಬಿಡುತ್ತದೆ, ಬರಿ ತಗಡಿಗೆ ತುಕ್ಕು ಹಿಡಿಸುತ್ತದೆ. ಅದರ ಮೇಲೆ ಮುಂದೆ ಬಣ್ಣವೂ ನಿಲ್ಲುವುದಿಲ್ಲ, ಬೇರೆ ಅಂಟೂ ಹಿಡಿಯುವುದಿಲ್ಲ.

ಕಾರ್ಪೆಟ್ಟನ್ನು ಹೊರತೆಗೆದು, ನೀರು ಹೀರುವ ವ್ಯಾಕ್ಯೂಮಿನಿಂದ ಫೋಮಿನ ಕಡೆಯಿಂದ ಎಳೆದು, ಅಡಿಮೇಲಾಗಿ ಹರಡಿ ಫ್ಯಾನಿನ ಗಾಳಿಗೆ ಒಣಗಿಸಿದೆ. ಫೋಮಿನ ಮಧ್ಯದಲ್ಲಿ ಬೆರಳು ತೂರಿಸಿದಾಗ ತಂಪು ತಾಗದಿದ್ದರೆ ಒಣಗಿತೆಂದು ಅರ್ಥ. ಅದನ್ನು ಮರಳಿ ಹಾಕುವ ಆತುರ ಮಾಡದೆ, ಸೀಟುಗಳನ್ನೂ ಬ್ಯಾಟರಿಯನ್ನೂ ತಾತ್ಕಾಲಿಕವಾಗಿ ಜೋಡಿಸಿಕೊಂಡು, ಜೋರು ಮಳೆಗಳು ಸುರಿದು ಹೋಗುವ ತನಕ ಬರಿಯ ತಗಡಿನ ಮೇಲೆಯೇ ಕಾರು ಓಡಿಸಿದೆ. ಒಮ್ಮೆ ಮುಂಭಾಗ ಎತ್ತರಕ್ಕೆ, ಇನ್ನೊಮ್ಮೆ ತಗ್ಗಿಗೆ, ಮತ್ತೊಮ್ಮೆ ಒಂದು ಬದಿಗೆ ವಾಲುವಂತೆ ನಿಲ್ಲಿಸಿ, ಪ್ರತಿ ಮಳೆಯ ಬಳಿಕವೂ ಪೌಡರನ್ನು ಪರೀಕ್ಷಿಸಿದೆ, ಏಕೆಂದರೆ ಒಂದು ಇಳಿಜಾರಿನಲ್ಲಿ ಸೋರದ ಸಂದು ಮತ್ತೊಂದರಲ್ಲಿ ಸೋರಬಹುದು. ಯಾವ ಭಂಗಿಯಲ್ಲಿಯೂ ಗೆರೆ ಮೂಡದಿದ್ದ ಮೇಲೆ ಬ್ಯಾಟರಿಯನ್ನೂ ಸೀಟುಗಳನ್ನೂ ಮತ್ತೆ ಕಳಚಿ, ತಗಡಿನ ತುಕ್ಕಿನ ಕಲೆಗಳನ್ನು ಉಜ್ಜಿ ಪ್ರೈಮರ್ ಹಾಗೂ ಬಣ್ಣ ಹಚ್ಚಿ, ಮುರಿದಿದ್ದ ಕ್ಲಿಪ್ಪುಗಳನ್ನು ಬದಲಾಯಿಸಿ, ಕಾರ್ಪೆಟ್ಟನ್ನೂ ಸೀಟುಗಳನ್ನೂ ಕೂರಿಸಿ, ಕೊನೆಯಲ್ಲಿ ಬ್ಯಾಟರಿಯನ್ನು ಜೋಡಿಸಿದೆ.