ಯೋಜನೆಗೆ ಹೊಸ ಹೆಸರು ಬಂದಾಗ ಏನೇನು ನೋಡಬೇಕು

ಸಣ್ಣ ಉದ್ಯಮದ ಸಾಲ, ಸಹಾಯಧನದ ಯೋಜನೆಗೆ ಹೊಸ ಹೆಸರು ಬಂದಿದೆ ಅಂದಾಕ್ಷಣ ಅರ್ಜಿ ಬರೆಯಬೇಡಿ. ಹಳೆಯ ಮತ್ತು ಹೊಸ ಮಾರ್ಗಸೂಚಿ ಎರಡನ್ನೂ ಮೈಸೂರು ಅಥವಾ ಮಂಡ್ಯದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿ ತಂದು ಪಕ್ಕಪಕ್ಕ ಇಟ್ಟು ಓದಿ. ಯೋಜನಾ ವೆಚ್ಚದ ಮಿತಿ, ಸ್ವಂತ ವಂತಿಕೆ, ಸಹಾಯಧನದ ಪ್ರಮಾಣ, ಅದು ಕೈಸೇರುವ ಕಾಲ, ಸಾಲ ಮಂಜೂರು ಮಾಡುವವರು ಯಾರು ಎಂಬುದಕ್ಕೆ ಗುರುತು ಹಾಕಿ. ಕೊನೆಯದೇ ಮುಖ್ಯ. ಕಡತ ಹೋಗುವುದು ಅದೇ ಬ್ಯಾಂಕ್ ಶಾಖೆಯ ಅದೇ ಟೇಬಲ್ಲಿಗೆ ಎಂದಾದರೆ ಹೊಸ ಹೆಸರಿನಿಂದ ಸಾಲ ಬೇಗ ಸಿಗುವುದಿಲ್ಲ.

ಸ್ವಂತ ಉದ್ಯಮಕ್ಕೆ ಸಾಲ, ಸಹಾಯಧನ ಕೊಡುವ ಕೇಂದ್ರದ ಯೋಜನೆ ಪಿಎಂಇಜಿಪಿಯನ್ನೇ (ಪ್ರಧಾನ ಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ) ನೋಡಿ. 2008ರಲ್ಲಿ ಎರಡು ಹಳೆಯ ಯೋಜನೆಗಳನ್ನು ಕೂಡಿಸಿ ಅದನ್ನು ತಂದರು. 2022ರಲ್ಲಿ ಹೆಸರು ಹಾಗೇ ಉಳಿಯಿತು, ಆದರೆ ತಯಾರಿಕಾ ಘಟಕದ ಮಿತಿ 25 ಲಕ್ಷದಿಂದ 50 ಲಕ್ಷಕ್ಕೂ ಸೇವಾ ಘಟಕದ್ದು 10ರಿಂದ 20 ಲಕ್ಷಕ್ಕೂ ಏರಿತು. ಉದ್ಯಮಿಗೆ ಬೇಕಾದ ಬದಲಾವಣೆ ಇಂಥದ್ದು.

ನಿಮ್ಮ ಲೆಕ್ಕ ಹೀಗೆ ಹಾಕಿ. ಮದ್ದೂರು ತಾಲ್ಲೂಕಿನ ಹಳ್ಳಿಯಲ್ಲಿ 10 ಲಕ್ಷದ ಬೆಲ್ಲದ ಪುಡಿ ಘಟಕ ಅಂದುಕೊಳ್ಳಿ. ಪಿಎಂಇಜಿಪಿ ನಿಯಮದಲ್ಲಿ ಸಾಮಾನ್ಯ ವರ್ಗದವರು 1 ಲಕ್ಷ ಹಾಕಬೇಕು, ಸಹಾಯಧನ ಶೇ 25, ಅಂದರೆ 2.5 ಲಕ್ಷ. ಮಹಿಳೆಯಾದರೆ 50 ಸಾವಿರ ಹಾಕಿದರೆ ಸಾಕು, ಸಹಾಯಧನ ಶೇ 35. ಈ ಹಣ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿದ್ದು, ಘಟಕ ನಡೆಯುತ್ತಿದ್ದರೆ ಸಾಲಕ್ಕೆ ಜಮೆಯಾಗುತ್ತದೆ. ಅದನ್ನು ನಂಬಿ ಕಬ್ಬಿಗೆ ಮುಂಗಡ ಕೊಟ್ಟರೆ ಸಿಕ್ಕಿಬೀಳುತ್ತೀರಿ. ಹೊಸ ಯೋಜನೆಯಲ್ಲಿ ಇದೇ ಲೆಕ್ಕ ಹಾಕಿ ನೋಡಿ, ಅಂಕಿ ಕದಲದಿದ್ದರೆ ಬದಲಾದದ್ದು ಬೋರ್ಡು ಮಾತ್ರ.

ಕೆಲವೊಮ್ಮೆ ಹೆಸರಿನ ಜೊತೆ ದಾಖಲೆಯೂ ಬದಲಾಗುತ್ತದೆ. 2020ರ ಜುಲೈ 1ರಿಂದ ಸಣ್ಣ ಉದ್ಯಮಗಳ ಹಳೆಯ ನೋಂದಣಿಯಾದ ಉದ್ಯೋಗ್ ಆಧಾರ್ ಜಾಗಕ್ಕೆ ಉದ್ಯಮ್ ನೋಂದಣಿ ಬಂತು. ಹಳೆಯ ಸಂಖ್ಯೆ ಈಗ ನಡೆಯದು, ಮತ್ತೆ ನೋಂದಾಯಿಸಲೇಬೇಕು. ಸರ್ಕಾರಿ ಪೋರ್ಟಲಿನಲ್ಲಿ ಅದು ಪೂರ್ತಿ ಉಚಿತ. ಹೊಸ ಹೆಸರು ಬಂದಾಗಲೆಲ್ಲ ದಲ್ಲಾಳಿಗಳು ಹುಟ್ಟಿಕೊಳ್ಳುತ್ತಾರೆ, ಒಂದು ರೂಪಾಯಿಯನ್ನೂ ಕೊಡಬೇಡಿ.

ಜಿಲ್ಲೆಯಲ್ಲಿ ನಿಜಕ್ಕೂ ಏನಾಗಿದೆ ಎಂದು ತಿಳಿಯಲು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ ಇರಬೇಕು. 'ಜನರಿಗೆ ಅನುಕೂಲ ಆಗಿದೆಯೇ' ಎಂದು ಕೇಳಿದರೆ ಉತ್ತರ ಬರದು, ಕೊಡುವುದು ದಾಖಲೆಯಲ್ಲಿ ಇದ್ದದ್ದನ್ನು ಮಾತ್ರ. ಹೆಸರು ಬದಲಾಗುವ ಹಿಂದಿನ ವರ್ಷ, ನಂತರದ ವರ್ಷ, ಎರಡಕ್ಕೂ ಬಂದ ಅರ್ಜಿ, ಬ್ಯಾಂಕಿಗೆ ಕಳಿಸಿದ್ದು, ಮಂಜೂರಾದದ್ದು, ಹಣ ಬಿಡುಗಡೆಯಾದದ್ದು ಎಷ್ಟೆಂದು ಕೇಳಿ. ನೂರು ಅರ್ಜಿಗೆ ಎಷ್ಟು ಬಿಡುಗಡೆ ಎಂದು ಹೋಲಿಸಿ. ಬರೀ ಒಟ್ಟು ಸಂಖ್ಯೆ ನೋಡಿದರೆ ಹಳೆಯ ಬಾಕಿ ಅರ್ಜಿಗಳೂ ಹೊಸ ಲೆಕ್ಕದಲ್ಲಿ ಸೇರಿ ದಾರಿ ತಪ್ಪಿಸಬಹುದು.

ನಿಮ್ಮ ಹಳೆಯ ಅರ್ಜಿ ಬಾಕಿಯಿದ್ದರೆ ಅದು ಹೊಸ ಯೋಜನೆಗೆ ಸೇರಿತೇ ಎಂದು ಬಾಯಿಮಾತಿನಲ್ಲಿ ಕೇಳಿ ಬರಬೇಡಿ. ಸ್ವೀಕೃತಿ ಸಂಖ್ಯೆ ನಮೂದಿಸಿ ಮನವಿ ಕೊಟ್ಟು ಹಿಂಬರಹ ಪಡೆಯಿರಿ. ಸಾಲದ ಮಂಜೂರಾತಿ ಪತ್ರ ಕೈಗೆ ಬರುವ ತನಕ ಯಂತ್ರಕ್ಕೆ ಮುಂಗಡ ಕಟ್ಟಬೇಡಿ.