ಘಾಟಿ ಹತ್ತುವ ಟರ್ಬೊ ಕಾರಿಗೆ ಇಂಟೇಕ್ ಪೈಪ್ ಆರಿಸಿದ ಬಗೆ

ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇರುವ ಕಾರಿನ ಇಂಟೇಕ್ ಪೈಪ್, ಎಂದರೆ ಎಂಜಿನ್ನಿಗೆ ಗಾಳಿ ತರುವ ಪೈಪ್, ಬದಲಿಸಬೇಕೆಂದು ಶಿವಮೊಗ್ಗದ ನನ್ನ ಗ್ಯಾರೇಜಿಗೆ ಬರುವವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಪೈಪಿನ ಅಳತೆಯನ್ನು. ಎರಡು ಇಂಚೋ, ಎರಡೂವರೆಯೋ, ಮೂರೋ ಎಂಬುದು ಗೊತ್ತಾದರೆ ಉಳಿದದ್ದೆಲ್ಲ ವೆಲ್ಡಿಂಗ್ ಅಂಗಡಿಯವರ ಪಾಲಿನದು ಎಂದು ಅವರು ಭಾವಿಸುತ್ತಾರೆ. ನನ್ನ ಲೆಕ್ಕದಲ್ಲಿ ಅಳತೆಯನ್ನು ಕೊನೆಯಲ್ಲಿ ತೀರ್ಮಾನಿಸಬೇಕು. ಗಾಳಿ ಎಲ್ಲಿಂದ ಒಳಗೆ ಬರುತ್ತದೆ, ಅದರ ಜೊತೆಯಲ್ಲಿ ಇನ್ನೇನು ಬರುತ್ತದೆ, ಟರ್ಬೊ ತಲುಪುವ ಮೊದಲೇ ಎಷ್ಟು ಒತ್ತಡ ನಷ್ಟವಾಗುತ್ತದೆ ಎಂಬ ಪ್ರಶ್ನೆಗಳಿಗೆ ಮಲೆನಾಡಿನ ರಸ್ತೆಗಳಲ್ಲಿ ಹೆಚ್ಚಿನ ಬೆಲೆಯಿದೆ.

ಇಲ್ಲಿ ವಿವರಿಸುತ್ತಿರುವುದು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರ ಕಾರಿನ ಕೆಲಸ. 1.2 ಲೀಟರಿನ, ಮೂರು ಸಿಲಿಂಡರಿನ, ಸುಮಾರು 110 ಅಶ್ವಶಕ್ತಿಯ ಟರ್ಬೊ ಪೆಟ್ರೋಲ್ ಎಂಜಿನ್ ಅದರದು. ಆಗುಂಬೆ ಘಾಟಿಯ ಮೂಲಕ ಉಡುಪಿಗೆ ಹೋಗಿಬರುವುದು ಅವರ ಮಾಮೂಲಿ ದಾರಿ. ಟರ್ಬೊದಿಂದ ಇಂಟರ್‌ಕೂಲರಿಗೆ (ಒತ್ತಿ ಬಿಸಿಯಾದ ಗಾಳಿಯನ್ನು ತಣಿಸುವ ಭಾಗ) ಹೋಗುವ ರಬ್ಬರ್ ಹೋಸ್ ಎಣ್ಣೆಯ ಆವಿ ಕುಡಿದು ಉಬ್ಬಿತ್ತು; ಅದಕ್ಕೆ ಸೇರುವ ಪ್ಲಾಸ್ಟಿಕ್ ಪೈಪಿನ ಜೋಡಣೆಯಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟಿತ್ತು. ಹೇಗೂ ಬದಲಿಸಬೇಕಾಗಿದೆ, ಹಾಗಿರುವಾಗ ಪಿಕಪ್ ಸ್ವಲ್ಪ ಹೆಚ್ಚುವಂತೆ ಮಾಡಿಕೊಡಿ ಎಂದು ಅವರು ಕೇಳಿದರು. ಮೂರು ಇಂಚಿನ ಅಲ್ಯೂಮಿನಿಯಂ ಪೈಪಿನ ಸೆಟ್ಟೊಂದನ್ನು ಮೊಬೈಲಿನಲ್ಲಿ ಆಗಲೇ ನೋಡಿಟ್ಟುಕೊಂಡಿದ್ದರು.

ಪೈಪ್ ಕೊಳ್ಳುವ ಮೊದಲು ಲೆಕ್ಕ ಹಾಕಿದೆ. ಪೆಟ್ರೋಲ್ ಎಂಜಿನ್ನಿಗೆ ನೂರು ಅಶ್ವಶಕ್ತಿಗೆ ನಿಮಿಷಕ್ಕೆ ಸುಮಾರು ನಾಲ್ಕೂವರೆ ಕಿಲೋ ಗಾಳಿ ಬೇಕೆಂಬುದು ನಾವು ಬಳಸುವ ಅಂದಾಜು. ಆ ಪ್ರಕಾರ ಈ ಎಂಜಿನ್ನಿಗೆ ಪೂರ್ಣ ಶಕ್ತಿಯಲ್ಲಿ ನಿಮಿಷಕ್ಕೆ ಐದು ಕಿಲೋ ಗಾಳಿ ಸಾಕು. ಶಿವಮೊಗ್ಗ ಸಮುದ್ರ ಮಟ್ಟದಿಂದ 570 ಮೀಟರಿನಷ್ಟು ಮೇಲಿರುವುದರಿಂದ ಇಲ್ಲಿನ ವಾಯುಭಾರ ಸುಮಾರು 95 ಕಿಲೋಪಾಸ್ಕಲ್. ಕರಾವಳಿಯಲ್ಲಿ ಅದು 101. ಮೂವತ್ತು ಡಿಗ್ರಿ ಶಾಖದಲ್ಲಿ ಆ ಐದು ಕಿಲೋ ಗಾಳಿ ಸೆಕೆಂಡಿಗೆ 76 ಲೀಟರ್ ಆಗುತ್ತದೆ. ಎರಡು ಇಂಚಿನ ಪೈಪಿನ ಒಳವ್ಯಾಸ 48 ಮಿಲಿಮೀಟರ್ ಎಂದಿಟ್ಟುಕೊಂಡರೆ, ಟರ್ಬೊಗೆ ಮುಂಚಿನ ಹೀರುವ ಭಾಗದಲ್ಲಿ ಗಾಳಿಯ ವೇಗ ಸೆಕೆಂಡಿಗೆ 42 ಮೀಟರ್. ಎರಡೂವರೆ ಇಂಚಿನದರಲ್ಲಿ ಅದು 26ಕ್ಕೆ ಇಳಿಯುತ್ತದೆ. ಟರ್ಬೊ ದಾಟಿದ ಮೇಲೆ ಗಾಳಿ ಒತ್ತಿಕೊಂಡು ಕಡಿಮೆ ಜಾಗ ಹಿಡಿಯುವುದರಿಂದ, ಅದು ಬಿಸಿಯಾಗಿದ್ದರೂ, ಅದೇ ಎರಡು ಇಂಚಿನ ಪೈಪಿನಲ್ಲಿ ವೇಗ 28 ಮೀಟರ್ ಮಾತ್ರ. ಇಂಟರ್‌ಕೂಲರಿನಲ್ಲಿ ತಣ್ಣಗಾದ ಮೇಲೆ ಇನ್ನೂ ಕಡಿಮೆ. ಟರ್ಬೊ ನಂತರದ ಒತ್ತುವ ಭಾಗಕ್ಕೆ ಎರಡು ಇಂಚು ಸಾಕೇ ಎಂಬ ಪ್ರಶ್ನೆ ಇಲ್ಲಿಗೆ ಮುಗಿಯಿತು. ಎರಡು ಮೂರು ನಯವಾದ ಬೆಂಡುಗಳನ್ನೂ ಒಂದೂವರೆ ಮೀಟರ್ ಉದ್ದವನ್ನೂ ಸೇರಿಸಿದರೂ ಅಲ್ಲಿನ ನಷ್ಟ ಒಂದು ಕಿಲೋಪಾಸ್ಕಲ್ ದಾಟುವುದಿಲ್ಲ. ಮೂರು ಇಂಚಿನದನ್ನು ಹಾಕಿ ಆ ಒಂದನ್ನು ಉಳಿಸಲು ಹೋದರೆ, ತುಂಬಿಸಬೇಕಾದ ಜಾಗ 2.7 ಲೀಟರಿನಿಂದ 6.3 ಲೀಟರಿಗೆ ಏರುತ್ತದೆ. ತಿರುವಿನಲ್ಲಿ ಕಾಲೆತ್ತಿ ಮತ್ತೆ ಆಕ್ಸಿಲರೇಟರ್ ಒತ್ತುವಾಗಲೆಲ್ಲ ಆ ಹೆಚ್ಚಿನ ಜಾಗವನ್ನು ಟರ್ಬೊ ತುಂಬಬೇಕು. ಹದಿನಾಲ್ಕು ಹಿಮ್ಮುರಿ ತಿರುವುಗಳ ಆಗುಂಬೆ ಘಾಟಿಯಲ್ಲಿ ಇದನ್ನು ಯಾರೂ ಬಯಸಲಾರರು.

ಹೀರುವ ಭಾಗದ ಲೆಕ್ಕ ಬೇರೆ. ಟರ್ಬೊ 95 ಕಿಲೋಪಾಸ್ಕಲನ್ನು 190ಕ್ಕೆ ಏರಿಸಬೇಕಾದರೆ ಎರಡು ಪಟ್ಟು ಒತ್ತಬೇಕು. ಫಿಲ್ಟರ್, ಬಾಕ್ಸು, ಬೆಂಡುಗಳಲ್ಲಿ ಮೂರು ಕಿಲೋಪಾಸ್ಕಲ್ ನಷ್ಟವಾಗಿ ಟರ್ಬೊ ಬಾಯಿಯಲ್ಲಿ 92 ಮಾತ್ರ ಉಳಿದರೆ, ಅದೇ 190 ತಲುಪಲು 2.07 ಪಟ್ಟು ಒತ್ತಬೇಕಾಗುತ್ತದೆ. ಮುಂಚಿನ ಭಾಗದ ನಷ್ಟ ಹೀಗೆ ಎರಡರಷ್ಟಾಗಿ ಟರ್ಬೊದ ಮೇಲೆ ಬೀಳುತ್ತದೆ, ಗಾಳಿಯ ಶಾಖವೂ ಅದರ ಜೊತೆಗೆ ಏರುತ್ತದೆ. ಹೊಳೆಯುವ ಪೈಪುಗಳನ್ನೆಲ್ಲ ಬಾನೆಟ್ ತೆರೆದಾಗ ಕಾಣುವ ಒತ್ತುವ ಭಾಗಕ್ಕೇ ಮಾರುವುದು ನನಗೆ ಮೊದಲಿನಿಂದಲೂ ವಿಚಿತ್ರವಾಗಿ ತೋರಿದೆ.

ನಷ್ಟ ಎಲ್ಲಿ ಆಗುತ್ತಿದೆ ಎಂದು ತಿಳಿಯಲು ದುಬಾರಿ ಉಪಕರಣ ಬೇಕಿಲ್ಲ. ಪಾರದರ್ಶಕವಾದ ತೆಳ್ಳನೆಯ ಪ್ಲಾಸ್ಟಿಕ್ ಕೊಳವೆಯನ್ನು ಯು ಆಕಾರದಲ್ಲಿ ಹಲಗೆಯೊಂದಕ್ಕೆ ಕಟ್ಟಿ, ಅರ್ಧದವರೆಗೆ ಬಣ್ಣದ ನೀರು ತುಂಬಿ, ಒಂದು ತುದಿಯನ್ನು ತೆರೆದು ಬಿಟ್ಟು ಇನ್ನೊಂದನ್ನು ಪೈಪಿಗೆ ಜೋಡಿಸಿದೆ. ನೀರಿನ ಮಟ್ಟದಲ್ಲಿ ಹತ್ತು ಸೆಂಟಿಮೀಟರ್ ವ್ಯತ್ಯಾಸ ಬಂದರೆ ಸುಮಾರು ಒಂದು ಕಿಲೋಪಾಸ್ಕಲ್ ನಷ್ಟ. ನಡುವೆ ಒಂದು ಖಾಲಿ ಬಾಟಲಿಯನ್ನು ಸೇರಿಸಲೇಬೇಕು. ಇಲ್ಲದಿದ್ದರೆ ಅಳತೆಯ ನೀರೇ ಟರ್ಬೊ ಒಳಗೆ ಹೋದೀತು. ಸಾಗರ ರಸ್ತೆಯಲ್ಲಿ ವಾಹನಗಳಿಲ್ಲದ ಮುಂಜಾನೆಯಲ್ಲಿ, ನೇರ ಹಾದಿಯಲ್ಲಿ ಎರಡನೇ ಗೇರಿನಲ್ಲಿ ಪೂರ್ತಿ ಒತ್ತಿ ಓಡಿಸಿದೆ. ಪಕ್ಕದಲ್ಲಿ ಕುಳಿತ ಹುಡುಗ ಮಟ್ಟವನ್ನು ಗುರುತು ಹಾಕಿಕೊಂಡ. ಹಲಗೆಯನ್ನು ಕಾರಿಗೆ ಅಡ್ಡವಾಗಿ ಇಟ್ಟರೆ ವೇಗ ಏರುವಾಗ ನೀರು ಹಿಂದಕ್ಕೆ ವಾಲಿ ಸುಳ್ಳು ಅಳತೆ ಕೊಡುವುದಿಲ್ಲ. ಟರ್ಬೊ ಬಾಯಿಯಲ್ಲಿ 35 ಸೆಂಟಿಮೀಟರ್ ಆಸುಪಾಸು ಬಂತು. ಫಿಲ್ಟರಿನ ನಂತರ, ಪೈಪ್ ಶುರುವಾಗುವಲ್ಲಿ 18. ಫಿಲ್ಟರ್ ಹೊಸದಾಗಿತ್ತು. ಎಂದರೆ ಅರ್ಧದಷ್ಟು ನಷ್ಟ ಆಗುತ್ತಿದ್ದುದು ಫಿಲ್ಟರ್ ಬಾಕ್ಸಿನಿಂದ ಟರ್ಬೊಗೆ ಹೋಗುವ ಒಂದು ಮೊಳದ ಹೋಸಿನಲ್ಲಿ. ಬ್ಯಾಟರಿಯನ್ನು ಸುತ್ತಿ ಹೋಗಲು ಅದರಲ್ಲೊಂದು ಚಪ್ಪಟೆಯಾದ, ಸುಕ್ಕುಗಳಿರುವ ತಿರುವಿತ್ತು. ನಯವಾದ ಬೆಂಡಿಗೂ ಚೂಪು ಮೂಲೆಯ ಬೆಂಡಿಗೂ ನಷ್ಟದಲ್ಲಿ ನಾಲ್ಕು ಪಟ್ಟು ವ್ಯತ್ಯಾಸವಿರುವುದರಿಂದ, ಖರ್ಚು ಮಾಡಬೇಕಾದ ಜಾಗ ಅದೇ ಎಂದು ನಿರ್ಧರಿಸಿದೆ.

ಗಾಳಿ ಹೀರುವ ಬಾಯಿಯನ್ನು ನಾನು ಮುಟ್ಟಲಿಲ್ಲ. ಕಂಪನಿಯವರು ಅದನ್ನು ರೇಡಿಯೇಟರಿನ ಮೇಲೆ, ಬಾನೆಟ್ಟಿನ ಅಂಚಿನ ಹಿಂದೆ, ಮುಂದಕ್ಕೆ ಮುಖ ಮಾಡಿ ಇಟ್ಟಿದ್ದರು. ತಣ್ಣನೆಯ ಗಾಳಿಗಾಗಿ ಅದನ್ನು ಕತ್ತರಿಸಿ ಬಂಪರಿನ ಕೆಳಗೆ ಇಳಿಸುವವರಿದ್ದಾರೆ; ಬಾಕ್ಸನ್ನೇ ಕಿತ್ತು ಶಂಕುವಿನ ಆಕಾರದ ಬಯಲು ಫಿಲ್ಟರನ್ನು ಬಾನೆಟ್ಟಿನ ಒಳಗೆ ಸಿಕ್ಕಿಸುವವರೂ ಇದ್ದಾರೆ. ಮೊದಲನೆಯದು ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ದಾರಿಗೆ ಆಗದ ಮಾತು. ರಸ್ತೆಯ ಮೇಲೆ ಹರಿಯುವ ನೀರಿನಲ್ಲಿ ಬಾಯಿ ಮುಳುಗಿದರೆ ಎಂಜಿನ್ ಅದನ್ನು ಸಲೀಸಾಗಿ ಮೇಲೆತ್ತುತ್ತದೆ. ಸಿಲಿಂಡರಿಗೆ ಹೋದ ನೀರು ಗಾಳಿಯಂತೆ ಒತ್ತಿಕೊಳ್ಳುವುದಿಲ್ಲವಾದ್ದರಿಂದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎರಡನೆಯದರ ಗುಣವನ್ನು ಬೇರೊಂದು ಕಾರಿನಲ್ಲಿ ಒಬಿಡಿ ರೀಡರ್ (ಕಾರಿನ ಸೆನ್ಸರುಗಳ ಅಳತೆ ಓದುವ ಉಪಕರಣ) ಇಟ್ಟು ನೋಡಿದ್ದೆ. ಹೆದ್ದಾರಿಯ ಓಟದಲ್ಲಿ ವ್ಯತ್ಯಾಸ ಅಲ್ಪ. ಘಾಟಿಯ ಬುಡದ ಸೋಮೇಶ್ವರದಿಂದ ಮೇಲಕ್ಕೆ ಬಸ್ಸಿನ ಹಿಂದೆ ನಿಧಾನವಾಗಿ ಹತ್ತುವಾಗ ಒಳಬರುವ ಗಾಳಿ ಹೊರಗಿನದಕ್ಕಿಂತ ಇಪ್ಪತ್ತು ಡಿಗ್ರಿಯಷ್ಟು ಬಿಸಿಯಾಗಿತ್ತು. ಪ್ರತಿ ಹತ್ತು ಡಿಗ್ರಿಗೆ ಗಾಳಿಯ ಸಾಂದ್ರತೆ ನೂರಕ್ಕೆ ಮೂರರಷ್ಟು ಕುಸಿಯುತ್ತದೆ. ಶಬ್ದ ಚೆನ್ನಾಗಿರುತ್ತದೆ ಎಂಬುದನ್ನು ಒಪ್ಪುತ್ತೇನೆ.

ಬಾಯಿಗೆ ನಾನು ಸೇರಿಸಿದ್ದು ಒಂದು ತಂತಿ ಬಲೆಯನ್ನು ಮಾತ್ರ. ತೋಟದ ಮನೆಯ ಕೊಟ್ಟಿಗೆಯಲ್ಲಿ ನಿಲ್ಲುವ ಕಾರಿನ ಫಿಲ್ಟರ್ ಬಾಕ್ಸಿನಲ್ಲಿ ಇಲಿಗಳು ಅಡಿಕೆ ಸಿಪ್ಪೆ, ಹುಲ್ಲು ತಂದು ಗೂಡು ಮಾಡುವುದು ನಮ್ಮ ಕಡೆ ಮೆಕ್ಯಾನಿಕುಗಳೆಲ್ಲ ನೋಡಿರುವ ಸಂಗತಿ. ಬಲೆಯ ಕಣ್ಣು ತೀರಾ ಸಣ್ಣದಾಗಿರಬಾರದು. ಮುಂಗಾರಿನ ಮೊದಲ ಮಳೆಗೆ ಏಳುವ ರೆಕ್ಕೆಯ ಗೆದ್ದಲುಗಳು ರಾತ್ರಿ ಹೆಡ್‌ಲೈಟಿನ ಬೆಳಕಿಗೆ ಬಂದು ಅದನ್ನು ಮುಚ್ಚಿಬಿಡುತ್ತವೆ. ಇನ್ನೊಂದು ಎಚ್ಚರಿಕೆ ಗ್ಯಾರೇಜಿನವರಿಗೆ: ತಂದಿಟ್ಟ ಪೈಪುಗಳ ಎರಡೂ ತುದಿಗಳನ್ನು ಬಟ್ಟೆಯಿಂದ ಮುಚ್ಚದಿದ್ದರೆ ಒಳಗೆ ಕಣಜ ಮಣ್ಣಿನ ಗೂಡು ಕಟ್ಟುತ್ತದೆ. ಟರ್ಬೊದಲ್ಲಿ ಗಾಳಿಯನ್ನು ಒತ್ತುವ ಕಂಪ್ರೆಸರಿನ ಚಕ್ರ ನಿಮಿಷಕ್ಕೆ ಎರಡು ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗುವಾಗ ಆ ಒಣಮಣ್ಣಿನ ಹೆಂಟೆಯೊಂದು ಹೋಗಿ ಬಡಿದರೆ ಆಗುವುದೇನೆಂದು ಬೇರೆ ಹೇಳಬೇಕಿಲ್ಲ.

ಹೀರುವ ಭಾಗಕ್ಕೆ ಎರಡೂವರೆ ಇಂಚಿನ ಸಿಲಿಕೋನ್ ಹೋಸನ್ನು ಆರಿಸಿ, ಟರ್ಬೊ ಬಾಯಿಯ ಬಳಿ ನಿಧಾನವಾಗಿ ಕಿರಿದಾಗುವ ರೆಡ್ಯೂಸರ್ ಸೇರಿಸಿದೆ. ಇಲ್ಲಿ ಗೋಡೆಯೊಳಗೆ ಉಕ್ಕಿನ ತಂತಿಯ ಸುರುಳಿ ಇರುವ ಹೋಸೇ ಆಗಬೇಕು. ಬರಿಯ ಸಿಲಿಕೋನ್ ಬಿಸಿಯಾದಾಗ ಮೆದುವಾಗಿ, ಎಂಜಿನ್ ಜೋರಾಗಿ ಹೀರುವಾಗ ಒಳಕ್ಕೆ ಕುಸಿಯುತ್ತದೆ. ಬ್ಯಾಟರಿಯ ತಟ್ಟೆಯನ್ನು ಎರಡು ಬೆರಳಿನಷ್ಟು ಪಕ್ಕಕ್ಕೆ ಸರಿಸಿದ್ದರಿಂದ ಆ ಚಪ್ಪಟೆ ತಿರುವಿನ ಬದಲು ಅಗಲವಾದ ಒಂದೇ ಬೆಂಡ್ ಸಾಕಾಯಿತು. ಹಳೆಯ ಹೋಸಿಗೆ ಎರಡು ಕವಲುಗಳಿದ್ದವು: ಒಂದು ಕ್ರ್ಯಾಂಕ್‌ಕೇಸಿನ (ಎಂಜಿನ್ನಿನ ತಳದ ಎಣ್ಣೆಯ ಕೋಣೆ) ಉಸಿರುಕೊಳವೆ, ಇನ್ನೊಂದು ಕಾಲೆತ್ತಿದಾಗ ಹೆಚ್ಚಾದ ಗಾಳಿಯನ್ನು ಹಿಂದಿರುಗಿಸುವ ವಾಲ್ವಿನದು. ಎರಡನ್ನೂ ಅದೇ ಅಳತೆಯಲ್ಲಿ ಉಳಿಸಿಕೊಂಡೆ. ಈ ಕಾರಿನಲ್ಲಿ ಗಾಳಿಯ ತೂಕ ಅಳೆಯುವ ಸೆನ್ಸರ್ ಇಲ್ಲ. ಥ್ರಾಟಲಿನ (ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಕವಾಟ) ಬಳಿಯ ಒತ್ತಡ ಮತ್ತು ಶಾಖದಿಂದಲೇ ಇಸಿಯು, ಎಂದರೆ ಎಂಜಿನ್ನಿನ ಕಂಪ್ಯೂಟರ್, ಲೆಕ್ಕ ಹಾಕುತ್ತದೆ. ಫಿಲ್ಟರಿನ ನಂತರ ಅಂಥ ಮಾಸ್ ಏರ್‌ಫ್ಲೋ ಸೆನ್ಸರ್ ಇರುವ ಕಾರುಗಳಲ್ಲಿ ಅದು ಕೂರುವ ಪೈಪಿನ ವ್ಯಾಸ ಬದಲಿಸಿದರೆ ಅಳತೆಯೇ ತಪ್ಪುತ್ತದೆ. ಆದ್ದರಿಂದ ಅಂಥ ಕಾರಿಗೆ ಈ ಸಲಹೆ ಹಾಗೆಯೇ ಒಗ್ಗುವುದಿಲ್ಲ.

ಒತ್ತುವ ಭಾಗದಲ್ಲಿ ಟರ್ಬೊದಿಂದ ಇಂಟರ್‌ಕೂಲರಿನವರೆಗೆ ಎರಡು ಇಂಚಿನ, ಒಂದೂವರೆ ಮಿಲಿಮೀಟರ್ ದಪ್ಪದ 304 ಸ್ಟೇನ್‌ಲೆಸ್ ಸ್ಟೀಲ್ ಪೈಪ್ ಹಾಕಿದೆ. ಅಲ್ಯೂಮಿನಿಯಂ ಇದರ ಮೂರನೇ ಒಂದು ಭಾಗ ತೂಗುತ್ತದೆ ನಿಜ. ಆದರೆ ಶಿವಮೊಗ್ಗದಲ್ಲಿ ಸ್ಟೇನ್‌ಲೆಸ್ ಸ್ಟೀಲನ್ನು ಅಚ್ಚುಕಟ್ಟಾಗಿ ಟಿಗ್ ವೆಲ್ಡಿಂಗ್ ಮಾಡುವ ಕೈಗಳು ಸುಲಭವಾಗಿ ಸಿಗುತ್ತವೆ, ತೆಳ್ಳನೆಯ ಅಲ್ಯೂಮಿನಿಯಂಗೆ ಹುಡುಕಬೇಕಾಗುತ್ತದೆ. ಪೈಪ್ ಎಕ್ಸಾಸ್ಟಿನ ಪಕ್ಕದಲ್ಲೇ ಹಾಯುತ್ತದೆ ಎಂಬುದು ಮತ್ತೊಂದು ಕಾರಣ. ಅಲ್ಯೂಮಿನಿಯಂ ಶಾಖವನ್ನು ಬಿಟ್ಟುಕೊಟ್ಟು ಗಾಳಿಯನ್ನು ತಂಪು ಮಾಡುತ್ತದೆ ಎಂಬ ವಾದವಿದೆ. ಗಾಳಿ ಆ ಪೈಪನ್ನು ದಾಟಲು ಸೆಕೆಂಡಿನ ಇಪ್ಪತ್ತನೇ ಒಂದು ಭಾಗವೂ ಬೇಕಿಲ್ಲದಿರುವಾಗ ಆ ಲಾಭ ಲೆಕ್ಕಕ್ಕೆ ಬರುವಷ್ಟಿಲ್ಲ. ಬೆಂಡುಗಳನ್ನು ಮಾತ್ರ ಪೈಪಿನೊಳಗೆ ಆಧಾರ ಕೊಡುವ ಮ್ಯಾಂಡ್ರೆಲ್ ಯಂತ್ರದಲ್ಲಿ ಬಗ್ಗಿಸಿದ್ದನ್ನೇ ತರಿಸಿಕೊಂಡೆ. ಸೈಲೆನ್ಸರ್ ಅಂಗಡಿಯ ಸಾಮಾನ್ಯ ಯಂತ್ರದಲ್ಲಿ ಬಗ್ಗಿಸಿದರೆ ತಿರುವಿನಲ್ಲಿ ಪೈಪ್ ಚಪ್ಪಟೆಯಾಗುತ್ತದೆ.

ಕೊಳಾಯಿ ಕೆಲಸದ ಪಿವಿಸಿ ಬೆಂಡುಗಳನ್ನು ಇಲ್ಲಿ ಬಳಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಪ್ಪತ್ತು ಪ್ರತಿಶತ ದಕ್ಷತೆಯ ಟರ್ಬೊ ಮೂವತ್ತು ಡಿಗ್ರಿಯ ಗಾಳಿಯನ್ನು ಎರಡು ಪಟ್ಟು ಒತ್ತಿದರೆ ಅದು ಸುಮಾರು 125 ಡಿಗ್ರಿಗೆ ಏರುತ್ತದೆ. ಪಿವಿಸಿ 80ರ ಹೊತ್ತಿಗೇ ಮೆತ್ತಗಾಗುತ್ತದೆ. ಇಂಟರ್‌ಕೂಲರಿನಿಂದ ಥ್ರಾಟಲಿಗೆ ಬರುವ ತಣ್ಣನೆಯ ಭಾಗದಲ್ಲಿ ಕಂಪನಿಯ ಪ್ಲಾಸ್ಟಿಕ್ ಪೈಪ್ ಚೆನ್ನಾಗಿತ್ತು, ಸೆನ್ಸರ್ ಅದರಲ್ಲೇ ಕೂತಿತ್ತು. ಅದನ್ನು ತೊಳೆದು ಮತ್ತೆ ಹಾಕಿದೆ.

ಜೋಡಣೆಗಳ ವಿಷಯದಲ್ಲಿ ಜಿಪುಣತನ ಸಲ್ಲದು. ಮೂರು ಸಿಲಿಂಡರಿನ ಎಂಜಿನ್ ತನ್ನ ಮೌಂಟುಗಳ ಮೇಲೆ ಸಾಕಷ್ಟು ಅಲುಗಾಡುತ್ತದೆ, ಇಂಟರ್‌ಕೂಲರ್ ಬಾಡಿಗೆ ಬಿಗಿದಿರುತ್ತದೆ. ನಡುವಿನ ಪೈಪ್ ಎರಡೂ ಕಡೆ ಹೋಸಿನಲ್ಲಿ ಸ್ವಲ್ಪ ಆಡುವಂತಿರಬೇಕು. ಪೈಪಿನ ತುದಿಗಳಿಗೆ ಉಬ್ಬು ಅಂಚು ಒತ್ತಿಸಿದೆ, ಇಲ್ಲದಿದ್ದರೆ ಒತ್ತಡಕ್ಕೆ ಹೋಸ್ ಜಾರುತ್ತದೆ. ಬಿಸಿ ಭಾಗದ ಹೋಸಿಗೆ ಒಳಪದರದಲ್ಲಿ ಫ್ಲೋರೊಸಿಲಿಕೋನ್ ಇರುವುದನ್ನೇ ಕೊಂಡೆ. ಸಾದಾ ಸಿಲಿಕೋನ್ ಎಣ್ಣೆಯನ್ನು ಹೀರಿ ಹೊರಗೆ ಬೆವರುತ್ತದೆ. ಅಗ್ಗದ ಹೋಸುಗಳಲ್ಲಿ ಬಟ್ಟೆಯ ಪದರಗಳು ಹೇಳಿದಷ್ಟಿರುವುದಿಲ್ಲ, ಕತ್ತರಿಸಿದ ಅಂಚನ್ನು ನೋಡಿ ಎಣಿಸಿಕೊಳ್ಳಬೇಕು. ಕ್ಲ್ಯಾಂಪುಗಳಲ್ಲಿ ಸೀಳುಗಳಿರುವ ಮಾಮೂಲಿ ಸ್ಕ್ರೂ ಕ್ಲ್ಯಾಂಪ್ ಸಿಲಿಕೋನನ್ನು ಕೊಯ್ಯುವುದರಿಂದ ಟಿ-ಬೋಲ್ಟಿನವನ್ನು ಬಳಸಿದೆ.

ಎಲ್ಲ ಜೋಡಿಸಿದ ಮೇಲೆ ಸೋರಿಕೆ ಪರೀಕ್ಷೆ. ಟರ್ಬೊ ಬಾಯಿಗೆ ಬಿರಡೆ ಹಾಕಿ, ಅದಕ್ಕೆ ಟಯರಿನ ವಾಲ್ವ್ ಕೂರಿಸಿ, ಕಂಪ್ರೆಸರಿನಿಂದ ರೆಗ್ಯುಲೇಟರ್ ಮೂಲಕ 15 ಪಿಎಸ್‌ಐವರೆಗೆ ಗಾಳಿ ತುಂಬಿ, ಜೋಡಣೆಗಳಿಗೆಲ್ಲ ಸೋಪಿನ ನೀರು ಸವರಿದೆ. ಇದಕ್ಕೆ ಮುಂಚೆ ಉಸಿರುಕೊಳವೆಯನ್ನು ಬೇರ್ಪಡಿಸಿ ಮುಚ್ಚಿರಬೇಕು, ಇಲ್ಲವಾದರೆ ಆ ಒತ್ತಡ ಕ್ರ್ಯಾಂಕ್‌ಕೇಸಿಗೆ ನುಗ್ಗಿ ಆಯಿಲ್ ಸೀಲುಗಳನ್ನು ಹೊರತಳ್ಳುತ್ತದೆ. ಇಂಟರ್‌ಕೂಲರಿನ ಕೆಳಗಿನ ಮೂತಿಯಲ್ಲಿ ಸಣ್ಣ ಗುಳ್ಳೆಗಳೆದ್ದವು. ಕ್ಲ್ಯಾಂಪನ್ನು ಉಬ್ಬು ಅಂಚಿನ ಹಿಂದಕ್ಕೆ ಸರಿಸಿ ಬಿಗಿದಾಗ ನಿಂತವು.

ಮತ್ತೆ ನೀರಿನ ಕೊಳವೆ ಇಟ್ಟು ಅಳೆದಾಗ ಟರ್ಬೊ ಬಾಯಿಯಲ್ಲಿ 22 ಸೆಂಟಿಮೀಟರ್ ಬಂತು. ಪಿಕಪ್ ಸುಧಾರಿಸಿದೆ ಎಂದು ಮಾಲೀಕರು ಸಂತೋಷಪಟ್ಟರು. ಅದರಲ್ಲಿ ಹೆಚ್ಚಿನ ಪಾಲು ಸೀಳು ಬಿಟ್ಟ ಜೋಡಣೆಯನ್ನು ಬದಲಿಸಿದ್ದರಿಂದ ಬಂದದ್ದು, ಹೀರುವ ಭಾಗದ ಲಾಭ ಸೀಟಿನಲ್ಲಿ ಕುಳಿತವರಿಗೆ ಗೊತ್ತಾಗುವಷ್ಟಿಲ್ಲ ಎಂದು ಅವರಿಗೆ ಹೇಳಿದ್ದೇನೆ. ಇಸಿಯು ಮ್ಯಾಪಿಂಗ್ ಬದಲಿಸಿ ಶಕ್ತಿ ಹೆಚ್ಚಿಸುವ ಮಾತನ್ನು ಅವರೂ ಎತ್ತಿದರು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ವಾಹನ ಮಾರ್ಪಡಿಸುವುದನ್ನು ನಿಷೇಧಿಸುತ್ತದೆಯಾದ್ದರಿಂದ ಆ ಕೆಲಸಕ್ಕೆ ನಾನು ಕೈ ಹಾಕುವುದಿಲ್ಲ. ಹೊಸ ಹೋಸುಗಳು ಬಿಸಿಯಾಗಿ ಕೂತ ಮೇಲೆ ಟಿ-ಬೋಲ್ಟುಗಳು ಅರ್ಧ ಸುತ್ತಿನಷ್ಟು ಸಡಿಲವಾಗುವುದರಿಂದ, 500 ಕಿಲೋಮೀಟರ್ ಓಡಿಸಿ ಬರಲು ಹೇಳಿ, ಅವರು ಬಂದಾಗ ಎಲ್ಲವನ್ನೂ ಮತ್ತೊಮ್ಮೆ ಬಿಗಿದು ಕಳುಹಿಸಿದೆ. ತಂತಿ ಬಲೆಯನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ ಅವರೇ ಬ್ರಶ್ಶಿನಿಂದ ಉಜ್ಜಿಕೊಳ್ಳುತ್ತಾರೆ.